ಎರಡು ಕತ್ತಿಯ ಗಡ್ಡ

ಬಂದರಿನ ಫೆರಿ ಕಟ್ಟೆಗೆ ನೂರು ಹೆಜ್ಜೆ,
ಒಣಮೀನಿನ ಗೋದಾಮಿಗೆ ತಾಗಿದ ಗೋಡೆ.
ನನ್ನ ಅಂಗಡಿಗೆ ಬೋರ್ಡಿಲ್ಲ, ವಾಸನೆಯೇ ವಿಳಾಸ.
ಕುರ್ಚಿ ಒಂದೇ. ಕನ್ನಡಿಯ ಪಾದರಸ
ಎಡಮೂಲೆಯಲ್ಲಿ ಎದ್ದುಹೋಗಿ ಎಷ್ಟೋ ವರ್ಷ;
ಕುಳಿತವರು ಯಾರಾದರೂ ಸರಿ, ಎಡಕಿವಿ ಇಲ್ಲ.

ಬೆಂಗ್ರೆಯ ದೇಜು ಬಂಗೇರ ಬಂದ.
ಹದಿಮೂರು ದಿನದ ಕಡಲು, ಹದಿಮೂರು ದಿನದ ಗಡ್ಡ,
ಹುಬ್ಬಿನಲ್ಲಿ ಉಪ್ಪು.
"ಹನ್ನೊಂದಕ್ಕೆ ಕಾರ್ಡಿನ ಫೋಟೋ ಉಂಟು ದೂಮಣ್ಣ.
ಹೋದ ಸಲ ಆ ಯಂತ್ರ ನನ್ನನ್ನು ಒಪ್ಪಲಿಲ್ಲ,
ಈ ಮುಖ ನಿನ್ನದಲ್ಲ ಎಂದಿತು.
ಬಂಗುಡೆಯ ಹೊಟ್ಟೆಯ ಹಾಗೆ ಮಾಡಿಬಿಡು."
ಒರಗಿ ಕಣ್ಣು ಮುಚ್ಚಿದ.

ಬಿಸಿನೀರಿನ ಬಟ್ಟೆ, ಎರಡು ಸಲ.
ನೊರೆ ಬ್ರಶ್ಶಿನಲ್ಲೇ ಏಳಬೇಕು;
ಸಾಲ ಕೊಟ್ಟವನನ್ನು ಕಂಡವರ ಹಾಗೆ
ಗಡ್ಡ ಎದ್ದು ನಿಲ್ಲಬೇಕು.
ಆಮೇಲೆ ಕತ್ತಿ.
ತೊಗಲ ಪಟ್ಟಿಯ ಮೇಲೆ ಹೋಗಿ ಬಂದು, ಹೋಗಿ ಬಂದು,
ಬೆನ್ನು ಮೊದಲು, ಬಾಯಿ ಆಮೇಲೆ.
ಇದನ್ನು ಕಲಿಯಲು ನನಗೆ ಎರಡು ಮಳೆಗಾಲ ಬೇಕಾಯ್ತು,
ಊದಿದ ಬಲೂನಿಗೆ ನೊರೆ ಬಳಿದು, ನೊರೆ ತೆಗೆದು.
ಒಡೆದ ಬಲೂನಿನ ಲೆಕ್ಕ
ಮಾವನ ಪುಸ್ತಕದಲ್ಲಿ ಈಗಲೂ ಉಂಟು.

ಕೆನ್ನೆಯಲ್ಲಿ ಕತ್ತಿಗೆ ಸಾಟಿ ಇಲ್ಲ.
ಕಿವಿಯ ಬುಡದಿಂದ ದವಡೆಯವರೆಗೆ ಒಂದೇ ಎಳೆತ,
ಕೂದಲು ಬೆಳೆದ ದಿಕ್ಕಿನಲ್ಲೇ, ಮಾತು ಒಪ್ಪಿಕೊಂಡ ಹಾಗೆ.
ಸದ್ದು? ಬಾಡಿದ ಬಾಳೆಲೆ ಹರಿದಷ್ಟು.
ಮೂಗಿನ ಕೆಳಗಿನ ಸಂದು, ಬಾಯಿಯ ಮೂಲೆ,
ತಲೆದಪ್ಪ ರೇಜರಿಗೆ ಬಾಗಿಲು ತೆರೆಯದ ಕಡೆಯೆಲ್ಲ
ಇದು ನೆಂಟನಂತೆ ಹೋಗಿ ಬರುತ್ತದೆ.

ಆದರೆ ಗಂಟಲಲ್ಲಿ ಅವನಿಗೊಂದು ಸುಳಿ.
ಎಡಗಡೆ, ಮಣಿಯ ಕೆಳಗೆ. ಅಲ್ಲಿ ಕೂದಲು
ಮೇಲಕ್ಕೆ ಬೆಳೆಯುವುದೋ ಪಕ್ಕಕ್ಕೋ ಅದಕ್ಕೇ ಗೊತ್ತಿಲ್ಲ.
ಹತ್ತು ವರ್ಷದ ಹಿಂದಾದರೆ ಉಸಿರು ಹಿಡಿದು
ಅದನ್ನೂ ಕತ್ತಿಯಲ್ಲೇ ದಾಟಿಸುತ್ತಿದ್ದೆ. ಈಗ
ಈ ಹೆಬ್ಬೆರಳು (ಹೇಳಬಾರದು, ಹೇಳುತ್ತೇನೆ)
ಇಂಜಿನ್ ನಿಂತ ಮೇಲೂ ನಡುಗುವ ಬೋಟಿನ ಹಲಗೆ.

ಕತ್ತಿ ಮಡಚಿದೆ. ಡ್ರಾಯರಿನಿಂದ ಮೆಲ್ಲ
ಸೇಫ್ಟಿ ರೇಜರು ತೆಗೆದೆ. ಹೊಸ ಬ್ಲೇಡಿನ ಕಾಗದ
ಬಿಡಿಸುವಾಗ ಕೆಮ್ಮಿದೆ, ಕೇಳದಿರಲಿ ಎಂದು.
ಇದಕ್ಕೆ ಹಿಡಿ ಗಿಡ್ಡ, ತಲೆ ಭಾರ; ಒತ್ತಬಾರದು,
ಅದರ ಭಾರಕ್ಕೇ ಬಿಡಬೇಕು.
ಮತ್ತೆ ನೊರೆ. ಈಗ ಎದುರು ದಿಕ್ಕು,
ಚರ್ಮ ಬಿಗಿ ಹಿಡಿದು, ಬೆರಳಗಲ, ಬೆರಳಗಲ.

"ಇದು ಬೇರೆ," ಎಂದ ಬಂಗೇರ, ಕಣ್ಣು ತೆರೆಯದೆ.
"ಸ್ವರ ಬೇರೆ."
"ಹೊಸ ಪದ್ಧತಿ," ಎಂದೆ. "ಮೊದಲು ಅದು,
ಆಮೇಲೆ ಇದು. ಹೆಚ್ಚು ನುಣುಪು."
ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ.

ಗಂಟಲ ಮಣಿ ಒಮ್ಮೆ ಇಳಿದು ಏರಿತು.
ರೇಜರು ಎತ್ತಿ ಕಾದೆ.
"ಅಳಿವೆ ಬಾಗಿಲಲ್ಲಿ ನಾನೂ ಹಾಗೆಯೇ," ಎಂದ.
"ಹೊರಗೆ ಎಷ್ಟು ಆಳವಾದರೂ ಚುಕ್ಕಾಣಿ ನನ್ನದು.
ನೇತ್ರಾವತಿ ಅತ್ತಿಂದ, ಫಲ್ಗುಣಿ ಇತ್ತಿಂದ
ಬಂದು ತಳ್ಳಾಡುವ ಆ ತುಂಡು ಉಂಟಲ್ಲ,
ಮರಳು ದಿನಕ್ಕೊಂದು ಕಡೆ,
ಅಲ್ಲಿ ತಂಗಿಯ ಮಗನ ಕೈಗೆ ಕೊಡುತ್ತೇನೆ.
ನನಗೀಗ ನೀರಿನ ಬಣ್ಣ ಸರಿ ಕಾಣುವುದಿಲ್ಲ ಮಾರಾಯ.
ತಾಂಡೇಲ ಬೀಡಿ ಸೇದಲು ಹೋದ ಅಂತ
ಬೋಟಿನವರು ತಿಳಿದಿದ್ದಾರೆ."

ಇನ್ನೂ ಏನಾದರೂ ಹೇಳುತ್ತಾನೋ ಎಂದು ನಿಂತೆ.
ಇಲ್ಲ.
ಸುಳಿ ಮುಗಿಸಿದೆ.

ತಣ್ಣೀರು, ಪಟಿಕದ ಕಲ್ಲು. ಎಲ್ಲೂ ಉರಿಯಲಿಲ್ಲ.
ಬೆರಳ ಹಿಂಬದಿಯಿಂದ ಗಂಟಲು ಸವರಿದ,
ಕಿವಿರು ಎತ್ತಿ ಮೀನು ನೋಡುವವನ ಸಂಶಯದಲ್ಲಿ.
"ಎರಡು ಕತ್ತಿಗೆ ಎರಡು ದುಡ್ಡಾ?"
"ಮುಖ ಒಂದೇ ಅಲ್ವ," ಎಂದೆ.
"ಅದನ್ನು ಆ ಯಂತ್ರಕ್ಕೆ ಹೇಳು!"
ನಗುತ್ತ ಬಿಸಿಲಿಗೆ ಇಳಿದ.

ಎಡಕಿವಿಯ ಹಿಂದೆ ನೊರೆ ಒಂದು ಚುಕ್ಕೆ
ಹಾಗೇ ಉಳಿದದ್ದು ನನಗೆ ಆಗ ಕಂಡಿತು.
ಕೂಗಬೇಕು ಎನ್ನುವಷ್ಟರಲ್ಲಿ
ಐಸ್ ತುಂಬಿದ ಲಾರಿ ಅಡ್ಡ ಬಂತು.