ಮೊದಲು ಕಡೆ, ಆಮೇಲೆ ಮಾತು

ಮೂಳೆ ಅಳೆಯುವ ಯಂತ್ರವನ್ನು ಜೀಪಿನ ಹಿಂಬದಿಯಲ್ಲಿ
ಕಂಬಳಿ ಸುತ್ತಿ ಮಲಗಿಸಿಕೊಂಡು
ಎರಡು ಹೊಳೆ ಹಾಯ್ದು ಬಂದಿದ್ದೆ ತಾಮಿರ್ ಕಣಿವೆಗೆ.
ಆಸ್ಪತ್ರೆಯ ಪಟ್ಟಿಯಲ್ಲಿ ಇದು ಹದಿನಾರನೆಯ ಗುಡಾರ.
ಬಾಗಿಲ ಎಡಕ್ಕೆ ಜೋತುಬಿದ್ದ ಚರ್ಮದ ಚೀಲ,
ಅದರ ಬಾಯಿಂದ ತಲೆಯೆತ್ತಿದ ಕಡೆಗೋಲು.

‘ಮೊದಲು ಕಡೆ, ಆಮೇಲೆ ಮಾತು’
ಎಂದಳು ದೂಲ್ಮಾ ಅಜ್ಜಿ, ಒಲೆಯಿಂದ ಕಣ್ಣು ಕೀಳದೆ.
ಕುದುರೆ ಕಳೆದುಕೊಂಡವನೋ
ಹೆಣ್ಣು ಕೇಳಲು ಬಂದವನೋ
ನನ್ನಂಥ ಸರಕಾರದ ದಾದಿಯೋ,
ಹೊಸ್ತಿಲು ದಾಟಿದವರು ಹತ್ತು ಸಲವಾದರೂ ಕಡೆಯಲೇಬೇಕು.
ಕಡೆದೆ.
ಒಳಗೆ ಕುದುರೆಹಾಲು ಗುಳುಗುಳು ನಕ್ಕಿತು,
ಹುಳಿ ಮೂಗಿಗೇರಿತು.

ನನ್ನ ಕೈಚೀಲದಲ್ಲಿ ರಾಜಧಾನಿಯ ಕರಪತ್ರ:
ದಿನಕ್ಕೆರಡು ಲೋಟ ಹಾಲು ಕುಡಿಯಿರಿ.
ಚಿತ್ರದಲ್ಲೊಬ್ಬ ಕೆಂಪು ಕೆನ್ನೆಯ ಹುಡುಗ,
ತುಟಿಯ ಮೇಲೆ ಬಿಳಿ ಮೀಸೆ.
ಅದನ್ನು ಕಂಡದ್ದೇ ಮೊಮ್ಮಗ ಗಾಲ್ತ್ ಹೊಟ್ಟೆ ಹಿಡಿದುಕೊಂಡ.
ಶಾಲೆಯ ಹಾಸ್ಟೆಲಿನಲ್ಲಿ ಡಬ್ಬಿಹಾಲು ಕುಡಿಸಿದ ರಾತ್ರಿ
ಹೊರಗಿನ ಪಾಯಿಖಾನೆಗೆ ಏಳು ಸಲ ಓಡಿದ್ದನಂತೆ,
ಮೈನಸ್ ಮೂವತ್ತರ ಚಳಿಯಲ್ಲಿ.

‘ಹಸಿ ಹಾಲಿಗೆ ಅವಸರ ಜಾಸ್ತಿ’ ಎಂದಳು ಅಜ್ಜಿ,
‘ನಮ್ಮ ಹೊಟ್ಟೆಗೆ ಅದು ಆಗಿಬರುವುದಿಲ್ಲ.
ಮೊದಲು ಕಣ್ಣಿಗೆ ಕಾಣದವರು ಉಣ್ಣಬೇಕು,
ಅವರು ಉಂಡು ಬಿಟ್ಟದ್ದು ನಮಗೆ.’

ಕಿಣ್ವ, ಲ್ಯಾಕ್ಟೋಸ್, ಸೂಕ್ಷ್ಮಜೀವಿ:
ಇದನ್ನೇ ನಾನು ಪರೀಕ್ಷೆಯಲ್ಲಿ ಮೂರು ಪುಟ ಬರೆದು
ಅರ್ಧ ಅಂಕ ಕಳೆದುಕೊಂಡಿದ್ದೆ.
ಹಾಲಿಗೆ ಹುಳಿ ಹಿಂಡುವುದೆಂದರೆ ಕೇಡು ಬಗೆಯುವುದು
ಎನ್ನುವವರು ಎಲ್ಲೋ ಇರಬಹುದು.
ಇಲ್ಲಿ ಹುಳಿ ಹಿಂಡದೆ ಬಿಟ್ಟರೇ ಕೇಡು.

ಯಂತ್ರ ಬೆಚ್ಚಗಾಗಲು ಹೊತ್ತು ಹಿಡಿಯಿತು.
‘ಮೊದಲು ನಿನ್ನ ಹಿಮ್ಮಡಿ ಇಡು, ಕಚ್ಚುತ್ತದೋ ನೋಡೋಣ’
ಎಂದಳು. ಇಟ್ಟೆ.
ಆಮೇಲೆ ಅವಳದು, ಬಿರುಕುಬಿಟ್ಟ
ಹೊಳೆದಂಡೆಯ ಕಲ್ಲಿನಂಥದ್ದು.

ಅವಳಿಗೆ ಎಪ್ಪತ್ತೊಂಬತ್ತು, ನನಗೆ ನಲವತ್ತೊಂದು.
ಕಾಗದದ ಪಟ್ಟಿ ಕಿರ್ರೆಂದು ಹೊರಬಂತು.
ಅವಳ ಚುಕ್ಕೆ ಹಸಿರಿನಲ್ಲಿ,
ನನ್ನದು ಹಳದಿಗೂ ಕೆಳಗೆ.
ಯಂತ್ರ ಕೆಟ್ಟಿರಬೇಕೆಂದು ಮತ್ತೆ ಅಳೆದೆ.
ಮೂರನೆಯ ಸಲ ಅಳೆಯಲು ನಾಚಿಕೆಯಾಯಿತು.

ಹದಿನೆಂಟು ವರ್ಷ ನಾಲ್ಕನೆಯ ಮಹಡಿ,
ಕರಿ ಕಾಫಿ, ಬಿಸ್ಕತ್ತು, ಗಾಜಿನಾಚೆಯ ಬಿಸಿಲು.
ಅಮ್ಮನೂ ಅಲ್ಲೇ, ಬಚ್ಚಲಿನಲ್ಲಿ ಜಾರಿದ್ದು.
ಸಣ್ಣ ಸದ್ದು, ಒಣ ಪುರಳೆ ಮುರಿದಷ್ಟೇ.
ಆಮೇಲೆ ಅವಳು ಎದ್ದು ನಿಲ್ಲಲಿಲ್ಲ.

ಎಲ್ಲವನ್ನೂ ಹಾಲಿನ ಲೆಕ್ಕಕ್ಕೆ ಬರೆಯಲಾರೆ.
ಅಜ್ಜಿ ದಿನವೂ ಹೆಣ್ಣುಕುದುರೆಗಳ ಹಿಂದೆ ನಡೆಯುತ್ತಾಳೆ,
ಬಿಸಿಲನ್ನು ಬೆನ್ನ ಮೇಲೇ ಹೊತ್ತಿರುತ್ತಾಳೆ.
ಮತ್ತೆ, ಅವಳ ರಕ್ತದೊತ್ತಡ ನೂರ ಎಪ್ಪತ್ತೆರಡು.
‘ಚಹಾಕ್ಕೆ ಉಪ್ಪು ಕಡಿಮೆ ಮಾಡು, ಕೆನೆಯನ್ನೂ’ ಎಂದೆ.
ಆಗಲೆಂದು ತಲೆಯಾಡಿಸಿ
ನನ್ನ ಬಟ್ಟಲಿಗೆ ಬೆರಳು ದಪ್ಪದ ಕೆನೆ ಹಾಕಿದಳು.
ಅವಳದಕ್ಕೂ.

ಹೊರಡುವಾಗ ಗುಡಾರದ ಮಾಡಿನ ಮೇಲೆ ಒಣಹಾಕಿದ್ದ
ಗಟ್ಟಿಮೊಸರ ಬಿಲ್ಲೆಗಳನ್ನು ಬಾಚಿ
ಕಟ್ಟಿಕೊಡಲು ಏನೂ ಸಿಗದೆ
ನನ್ನ ಕರಪತ್ರದಲ್ಲೇ ಪೊಟ್ಟಣ ಕಟ್ಟಿದಳು.
ಬಿಳಿಮೀಸೆಯ ಹುಡುಗನ ಮುಖಕ್ಕೆ ಜಿಡ್ಡು ಹತ್ತಿತು.
‘ಕಚ್ಚಬೇಡ, ಹಲ್ಲು ಹೋದೀತು. ಸುಮ್ಮನೆ ಇಟ್ಟುಕೋ.’

ಇಟ್ಟುಕೊಂಡೆ, ದವಡೆಯ ಒಂದು ಮಗ್ಗುಲಿಗೆ.
ಮೊದಲ ಹೊಳೆಯ ಹತ್ತಿರ ಅದಿನ್ನೂ ಬೆಣಚುಕಲ್ಲು.
ಎರಡನೆಯದರಲ್ಲಿ ನೀರು ಗಾಲಿ ಮುಳುಗುವಷ್ಟು ಏರಿತ್ತು.
ಕಾಯಬೇಕಾಯಿತು.
ಹದಿನಾರನೆಯ ಹಾಳೆಯಲ್ಲಿ ‘ಸಲಹೆ’ ಎಂಬ ಕಡೆ
ಉಪ್ಪು ಎಂದಷ್ಟೇ ಬರೆದು ಪೆನ್ನು ಮುಚ್ಚಿದೆ.
ನಾಲಗೆಯಡಿ ಒಂದು ಮೂಲೆ ಮೆತ್ತಗಾಗಿ
ಹುಳಿ ಬಿಡತೊಡಗಿತ್ತು.