ಅಟ್ಟಕ್ಕೇರದ ಪುಟಗಳು

ಹನ್ನೊಂದು ಸೆಕೆಂಡು.
ಲಾಗಿನಲ್ಲಿದೆ, ಮೂರು ಸಲ ಓದಿದೆ.
ಬೆಳಗಿನ ಐದು ನಲವತ್ತೆರಡಕ್ಕೆ ಕಾಡಂಚಿನ ತಂತಿ ಅಲುಗಿದೆ,
ಸೈರನ್ ಕೂಗಿದ್ದು ಹನ್ನೊಂದು ಸೆಕೆಂಡು ಕಳೆದು.
ಅಷ್ಟರಲ್ಲಿ ತಿತಿಮತಿ ರಸ್ತೆ ದಾಟಿದ ಒಂಟಿ ಸಲಗ
ಲೈನ್ ಮನೆಗಳ ಹಿತ್ತಲಿನಲ್ಲಿತ್ತು.

ಯಾರಿಗೂ ಏನೂ ಆಗಲಿಲ್ಲ.
ಚೋಮಿಯ ನೀರಿನ ಕೊಡವೊಂದು ಅಪ್ಪಚ್ಚಿ.
ಅದನ್ನು ರೇಂಜ್ ಆಫೀಸಿಗೆ ಹೊತ್ತು ತಂದು
ನನ್ನ ಕೀಬೋರ್ಡಿನ ಪಕ್ಕ ಇಟ್ಟಳು:
"ನಿನ್ನ ಪೆಟ್ಟಿಗೆ ನಿದ್ದೆ ಮಾಡ್ತಿತ್ತಾ, ಅಕ್ಕಾ?"

ನಿದ್ದೆಯಲ್ಲ ಚೋಮಿ.
ಇಕ್ಕಟ್ಟಿನ ಮನೆ ಅದು, ಕರ್ನಲ್ ಅಂತ ಒಬ್ಬ ಯಜಮಾನ.
ನಾಲ್ಕು ದಿನ ಯಾರೂ ಮುಟ್ಟದ್ದನ್ನೆಲ್ಲ
ಅವನು ಅಟ್ಟಕ್ಕೆ ಏರಿಸಿಬಿಡುತ್ತಾನೆ.
ಒಂಬತ್ತು ದಿನ ಆನೆ ಬರಲಿಲ್ಲ.
ಸೈರನ್ನಿನ ಪ್ರೋಗ್ರಾಂ ಕೈಕಟ್ಟಿ ಕೂತಿತ್ತು.
ಪರಿಹಾರದ ಅರ್ಜಿಗಳ ಪಟ್ಟಿ ತೆರೆದಿಟ್ಟು ಊಟಕ್ಕೆ ಹೋದವಳು
ನಾನೇ; ಪಟ್ಟಿಗೆ ಜಾಗ ಬೇಕಾಯಿತು.
ಆನೆ ಬಂದಾಗ
ಏಣಿ ಹಾಕಿ ಒಂದು ಪುಟ ಇಳಿಸಬೇಕು,
ಅದರಲ್ಲಿ "ಮುಂದಿನದು ನೋಡು" ಅಂತಿದ್ದರೆ
ಮತ್ತೆ ಏಣಿ.

ಗಾರ್ಡ್ ಮುದ್ದಯ್ಯ ಬಾಗಿಲಲ್ಲೇ ನಿಂತು ನಕ್ಕ:
"ತೋಕನ್ನ ಯಾರಾದ್ರೂ ಅಟ್ಟದಲ್ಲಿಡ್ತಾರಾ?
ಕೈಲ್‌ಪೊಳ್ದಿಗೆ ಪೂಜೆ ಮಾಡಿದ್ರೂ
ಮಾರನೇ ದಿನ ಗೋಡೆಗೇ ಅಲ್ವಾ."

ಗೋಡೆಗೆ ಮೊಳೆ ಹೊಡೆಯುವ ಮಾತೊಂದಿದೆ.
ಎಂಲಾಕ್‌ಆಲ್. ಒಂದೇ ಸಾಲು.
ಈಗ ಇರುವುದು, ಇನ್ನು ಬರಲಿರುವುದು,
ಎಲ್ಲ ರ‍್ಯಾಮಿನಲ್ಲೇ ಇರಲಿ, ಕದಲಿಸಬೇಡ.
ಬರೆದೆ. ಒಪ್ಪಲಿಲ್ಲ.
ಅರವತ್ನಾಲ್ಕು ಕೆಬಿ: ಅದಕ್ಕಿಂತ ಹೆಚ್ಚು
ಹಿಡಿದಿಟ್ಟುಕೊಳ್ಳಲು ನನ್ನಂಥವರಿಗೆ ಅಪ್ಪಣೆಯಿಲ್ಲ.
ನ್ಯಾಯವೇ. ಪ್ರತಿಯೊಬ್ಬರೂ ಪೀಠಕ್ಕೆ ಅಂಟಿ ಕೂತರೆ
ಬಂದ ನೆಂಟರು ಎಲ್ಲಿ ಕೂರಬೇಕು?

ಮಿತಿ ಸಡಿಲಿಸುವ ಗುಪ್ತಪದ ವಿರಾಜಪೇಟೆಯಲ್ಲಿ,
ಅರಗಿನ ಮುದ್ರೆಯ ಲಕೋಟೆಯೊಳಗೆ.
ಮುದ್ದಯ್ಯ ಜೀಪಿನಲ್ಲಿ ಹೋಗಿ ತಂದ,
ದಾರಿಯಲ್ಲಿ ಹಂದಿ ಮಾಂಸವನ್ನೂ.

ತಂತಿಯನ್ನು ನಾನೇ ಎಳೆದು ನೋಡಿದೆ.
ಇನ್ನೂ ನಾಲ್ಕು ಸೆಕೆಂಡು.
ರಾತ್ರಿ ಎರಡರವರೆಗೆ ಕೂತ ಮೇಲೆ ಹೊಳೆಯಿತು:
ಕೂಗುವುದು ತಾಯಿಯಲ್ಲ, ಅದು ಹೆತ್ತ ಇನ್ನೊಂದು.
ಫೋರ್ಕ್ ಆಗಿ ಹುಟ್ಟಿದ ಕೂಸಿಗೆ
ತಾಯಿಯದೆಲ್ಲ ಬರುತ್ತದೆ, ಬೀಗ ಬರುವುದಿಲ್ಲ.
ತಾಯಿ ಹೊಸ್ತಿಲಲ್ಲಿ ಎಚ್ಚರ,
ಕೂಸು ಅಟ್ಟದ ಮೇಲೆ.
ಕೂಸಿನ ಬಾಯಲ್ಲೂ ಅದೇ ಸಾಲು ಬರೆದೆ.

ಮರುದಿನ ಚೋಮಿ ಹಣ್ಣು ಕುಯ್ಯಲು ಹೊರಟಿದ್ದಳು,
ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡು.
ಹೇಳಿದೆ, ಇನ್ನು ಅದು ಮರೆಯಲ್ಲ ಅಂತ.
ಅವಳು ಕಾಫಿ ಗಿಡದ ಸಾಲಿನತ್ತ ನೋಡಿದಳು,
ಬೊಳ್ಳನನ್ನು ಆನೆ ಕೆಡವಿದ ಆ ಮೂರನೇ ಸಾಲು.
ಏಳು ವರ್ಷ.
"ನಂದೂ ಒಂದಿದೆ, ಅಟ್ಟಕ್ಕೆ ಹೋಗದ್ದು.
ನಾನೇನೂ ಮೊಳೆ ಹೊಡೀಲಿಲ್ಲ.
ಹಂಗೆ ಹಿಡ್ಕೊಂಡ್ರೆ ಅಕ್ಕಾ,
ಮಿಕ್ಕಿದ್ದಕ್ಕೆ ಜಾಗ ಎಲ್ಲಿ?"

ಬಿಡಿಸುವ ಮಾತೂ ಇದೆ, ಮನ್‌ಲಾಕ್‌ಆಲ್.
ಬಾಯಿಗೆ ಬಂತು. ಹೇಳಲಿಲ್ಲ.
ಪೆಟ್ಟಿಗೆಯ ಲೆಕ್ಕ ನನಗೆ ಗೊತ್ತು:
ಐನೂರ ಹನ್ನೆರಡರಲ್ಲಿ ಒಂಬತ್ತು ಎಂಬಿ,
ಅರ್ಜಿಗಳ ಪಟ್ಟಿ ಈಗ ಸ್ವಲ್ಪ ನಿಧಾನ, ಅಷ್ಟೇ.
ಅವಳ ಲೆಕ್ಕ ಗೊತ್ತಿಲ್ಲ.

ನಿನ್ನೆ ಮತ್ತೆ ಬಂತು ಸಲಗ, ಮಂಜಿನಲ್ಲಿ.
ತಂತಿ ಅಲುಗಿ ಮೂರು ಮಿಲಿಸೆಕೆಂಡಿಗೆ ಸೈರನ್.
ಪ್ರಿಂಟ್ ತೆಗೆದು ಮುದ್ದಯ್ಯನಿಗೆ ತೋರಿಸಿದೆ.
ಅವನು ಹೇಳಿದ, ಲೈನಿನಲ್ಲಿ ಕೇಳಿ ಬಂದಿದ್ದ:
ಸೈರನ್ನಿಗೂ ಮೊದಲೇ ಚೋಮಿ ಎದ್ದು
ಪಕ್ಕದ ಮನೆಯ ಮಕ್ಕಳನ್ನು ಒಳಗೆ ಕರೆದಿದ್ದಳಂತೆ.
ಎಷ್ಟು ಮೊದಲು?
ಯಾರೂ ಅಳೆದಿರಲಿಲ್ಲ.

ಕೊಡ ಇನ್ನೂ ನನ್ನ ಮೇಜಿನ ಮೇಲಿದೆ.
ವಾಪಸು ಒಯ್ಯುವುದಿಲ್ಲವಂತೆ.