ಕೂಗದ ಚೀಟಿ

ಬರ್ನ್ಲಿಯ ಕಾಲುವೆ ದಂಡೆಯ ಈ ಲಾಂಡ್ರಿಗೆ
ನಾವು ಕೊಟ್ಟದ್ದು ಮೂವತ್ತೆಂಟು ಸಾವಿರ ಪೌಂಡು.
ನಾವು ಅಂದರೆ ಮ್ಯಾಂಚೆಸ್ಟರಿನ ಮೂರನೇ ಮಹಡಿಯಲ್ಲಿ
ಒಂದು ಫಂಡು, ಆರು ಕುರ್ಚಿ, ಸೋರುವ ಒಂದು ಕೆಟಲ್.
ಏಪ್ರಿಲ್ ಕಂತು ಬಂತು. ಮೇ ಕಂತು ಅರ್ಧ ಬಂತು.
ಜೂನಿನಲ್ಲಿ ಬಂದದ್ದು ನಾನು,
ಬಸ್ಸಿಳಿದು, ಫೈಲು ನೆನೆಯದಂತೆ ಕೋಟಿನೊಳಗೆ ಅವಚಿಕೊಂಡು.

ಡೋರೀನ್ ಹ್ಯಾಲಿವೆಲ್ ಬಾಯ್ಲರ್ ತೋರಿಸಿದಳು,
ಕೈಲಾಗದ ಅಳಿಯನನ್ನು ಪರಿಚಯಿಸುವ ಹಾಗೆ:
"ಇವನೇ ನೋಡು, ನಿನ್ನ ಮೇ ತಿಂಗಳು ತಿಂದವನು."
ಅವಳ ಹಿಂದೆ ನಾಲ್ವರು ಹೆಂಗಸರು.
ಇಬ್ಬರು ಜೈಲಿನಿಂದ ಬಂದವರು,
ಇನ್ನಿಬ್ಬರು ಏನನ್ನು ಬಿಟ್ಟು ಬಂದರೋ ನಾನು ಕೇಳಲಿಲ್ಲ,
ಫಾರ್ಮು ಕೇಳುತ್ತದೆ.
ವೃದ್ಧಾಶ್ರಮದ ಚಾದರ ಮಡಚುತ್ತಿದ್ದರು
ಮೂಲೆಗೆ ಮೂಲೆ ತಂದು, ಎರಡು ಹೆಜ್ಜೆ ಮುಂದೆ,
ಕೈಗೆ ಕೈ ತಾಗಿ, ಎರಡು ಹೆಜ್ಜೆ ಹಿಂದೆ.

ಫಾರ್ಮಿನ ಏಳನೇ ಪುಟ: ಬದಲಾದ ಬದುಕುಗಳ ಸಂಖ್ಯೆ.
ಟ್ರೇಸಿ ಈಗ ಅಲಾರಾಂ ಇಲ್ಲದೆ ಏಳುತ್ತಾಳೆ,
ಇದು ಒಂದೋ, ಕಾಲೋ?
ನಸ್ರೀನ್ ಮೊನ್ನೆ ಜೋರಾಗಿ ನಕ್ಕಳಂತೆ,
ನಕ್ಕು, ಬಾಗಿಲ ಕಡೆ ನೋಡಿದಳಂತೆ.
"ಬರಕೋ," ಅಂದಳು ಡೋರೀನ್, "ದಿನಕ್ಕೆ ಮುನ್ನೂರು ಚಾದರ."

ಬಿಸಿನೆಸ್ ಸ್ಕೂಲಿನಲ್ಲಿ ಇದಕ್ಕೊಂದು ಸೂತ್ರವಿತ್ತು.
ಈ ಕಡೆ ಒಂದು ಪೌಂಡು ಹಾಕಿದರೆ
ಆ ಕಡೆ ಸಮಾಜಕ್ಕೆ ಮೂರೂಕಾಲು ಹುಟ್ಟುತ್ತಿತ್ತು;
ನನಗೆ ಅದಕ್ಕೆ ಬಹುಮಾನವೂ ಬಂತು.
ಲಂಡನ್ನಿನ ಬ್ಯಾಂಕಿಗೆ ಹೋದ ಹ್ಯೂಗೋ
ವರ್ಷಕ್ಕೊಮ್ಮೆ ಬರೆಯುತ್ತಾನೆ:
ಒಳ್ಳೆಯ ಕೆಲಸ ಮಾಡುತ್ತಿದ್ದೀ, ನನ್ನ ಕೈಲಾಗದು.
ಒಳ್ಳೆಯ ಕೆಲಸ.
ಡೋರೀನ್ ಕಟ್ಟುವ ಎಂಟು ಪರ್ಸೆಂಟಿನೊಳಗೆ ನನ್ನ ಸಂಬಳವಿದೆ.
ಈ ಕೋಟಿನ ಒಂದೆರಡು ಗುಂಡಿ ಖಂಡಿತ ಅವಳವು.

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀಲವ್ವ ಚಿಗವ್ವ
ಚೀಟಿ ನಡೆಸುತ್ತಿದ್ದಳು. ಇಪ್ಪತ್ತು ಹೆಂಗಸರು,
ತಿಂಗಳ ಎರಡನೇ ರವಿವಾರ.
ಕೂಗಬೇಕು. ಹೆಚ್ಚು ಬಿಟ್ಟುಕೊಟ್ಟವಳಿಗೆ ಹಣ;
ಗರಜು ಎಷ್ಟೋ ನಷ್ಟ ಅಷ್ಟು.
ಫಾತಿಮಾಬಿಯ ಗಂಡ ಶಂಟಿಂಗ್‌ನಲ್ಲಿ ಕಾಲು ಕಳಕೊಂಡ ತಿಂಗಳು
ಚಿಗವ್ವ ಎಂದಿನಂತೆ "ಕೂಗ್ರಿ" ಅಂದಳು.
ಯಾರೂ ಕೂಗಲಿಲ್ಲ.
ಒಬ್ಬಾಕೆ ಬಳೆ ಸರಿಸಿಕೊಂಡಳು. ಒಬ್ಬಾಕೆ ಕೆಮ್ಮಿದಳು.
ಮಗಳ ಮದುವೆ ಇಟ್ಟುಕೊಂಡವಳು
ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತಳು.
ಫಾತಿಮಾಬಿ ಪೂರ್ತಿ ಹಣ ಎಣಿಸಿಕೊಂಡು ಹೋದಳು.
ಆಮೇಲೆ ಎರಡು ಕಂತು ತಪ್ಪಿಸಿದಳು ಕೂಡ.
ಕೊಟ್ಟಾಂವ ಕೋಡಂಗಿ, ಇಸ್ಕೊಂಡಾಂವ ಈರಭದ್ರ,
ಗೊಣಗಿದ ಚಿಗಪ್ಪ.
ಚಹಾ ಸೋಸುತ್ತ ಚಿಗವ್ವ ಅಂದಳು:
"ಕೋಡಂಗಿ ಆಗಾಕೂ ಇಪ್ಪತ್ತು ಮಂದಿ ಬೇಕಾಗತೈತ್ರಿ."

ಶುಕ್ರವಾರ ಸಮಿತಿ. ಐದು ಜನ, ಬಿಸ್ಕತ್ತಿನ ತಟ್ಟೆ.
ವಸೂಲಿಯೋ ವಾಯಿದೆಯೋ, ಕೇಳಿದರು ಅಧ್ಯಕ್ಷರು.
ಬಾಯ್ಲರಿನ ದರಪಟ್ಟಿ ಇಟ್ಟೆ.
ಏಳನೇ ಪುಟ ಖಾಲಿಯೇ ಇಟ್ಟೆ.
ಮಾತಿಲ್ಲ.
ಬಿಟ್ಟುಕೊಡುವವರ ಮೌನವೋ
ಊಟಕ್ಕೆ ಹೊತ್ತಾದವರ ಮೌನವೋ, ತಿಳಿಯಲಿಲ್ಲ.
ಮೂರು ತಿಂಗಳು ಕೊಟ್ಟರು. ಬಡ್ಡಿ ನಿಲ್ಲಿಸಲಿಲ್ಲ.

"ನಿಲ್ಲಿಸಲ್ಲ ಅಂತ ಗೊತ್ತಿತ್ತು," ಅಂದಳು ಡೋರೀನ್,
"ಮೊದಲು ಆ ಕೋಟು ಬಿಚ್ಚು, ನೆಂದ ನಾಯಿಯ ವಾಸನೆ."
ಒಗೆಯಲು ಹಾಕಿದಳು. ಆರು ಪೌಂಡು ತೆಗೆದುಕೊಂಡು
ರಸೀದಿ ಹರಿದು ಕೊಟ್ಟಳು.
ನಸ್ರೀನ್ ಊಟಕ್ಕೆ ಹೋಗಿದ್ದಳು.
ಟ್ರೇಸಿ ಏನೂ ಹೇಳದೆ
ಚಾದರದ ಆ ತುದಿ ನನ್ನ ಕೈಗೆ ಎಸೆದಳು.
ಎರಡು ಹೆಜ್ಜೆ ಮುಂದೆ. ಮೂಲೆಗೆ ಮೂಲೆ.
ನನ್ನದು ಸೊಟ್ಟ.
"ಇನ್ನೊಮ್ಮೆ," ಅಂದಳು.